ಟಿಂಕರಿಂಗ್‌ಗೆ ಬಿಡುವ ಮುನ್ನ: ಹಳೆಯ ಕಾರಿನ ಬಾಗಿಲ ಗಾಜು ಬಿಚ್ಚುವುದು ಹೇಗೆ

ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ತಗಡಿನ ರಿಪೇರಿಗೆ, ಅಂದರೆ ಟಿಂಕರಿಂಗ್‌ಗೆ ಬಿಡುವ ಬಹಳ ಮಂದಿ ಬಾಗಿಲ ಗಾಜನ್ನು ಕೆಳಗಿಳಿಸಿ, ಕಿಟಕಿಗೆ ಹಳೆಯ ಪತ್ರಿಕೆ ಅಂಟಿಸಿ, ಇಷ್ಟು ಸಾಕು ಎಂದುಕೊಳ್ಳುತ್ತಾರೆ. ಖಂಡಿತ ಸಾಲದು. ಗ್ರೈಂಡರ್‌ನಿಂದ ಹಾರುವ ಕಿಡಿ ಎಂದರೆ ಕೆಂಪಗೆ ಕಾದ ಉಕ್ಕಿನ ಚೂರು. ಅದು ಗಾಜಿಗೆ ತಾಗಿದ ಜಾಗದಲ್ಲಿ ಮೇಲ್ಮೈಯನ್ನು ಕರಗಿಸಿ ಒಳಗೆ ಕಚ್ಚಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಅದೇ ಚೂರು ತುಕ್ಕು ಹಿಡಿದು ಕಂದು ಚುಕ್ಕೆಯಾಗುತ್ತದೆ. ಕೆರೆದರೆ ಚುಕ್ಕೆ ಹೋದೀತು, ಅದರಡಿಯ ಗುಳಿ ಹೋಗುವುದಿಲ್ಲ. ಬಾಗಿಲಿನ ಒಳಗೆ ಇಳಿಸಿಟ್ಟ ಗಾಜಿಗಂತೂ ಅಪಾಯ ಇನ್ನೂ ಹೆಚ್ಚು. ತುಕ್ಕು ತಿಂದ ಕೆಳ ಅಂಚನ್ನು ಕತ್ತರಿಸಿ ತೇಪೆ ಹಾಕುವಾಗ ವೆಲ್ಡಿಂಗ್ ನಡೆಯುವುದು ಅದರಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ.

ಆದ್ದರಿಂದ ಗಾಜನ್ನು ಪೂರ್ತಿ ಹೊರತೆಗೆಯಬೇಕು, ಅದನ್ನು ಗಾಡಿಯ ಮಾಲೀಕರೇ ತೆಗೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟಿಂಕರ್ ಕೆಲಸದಲ್ಲಿ ಎಷ್ಟೇ ನಿಪುಣನಾಗಿರಲಿ, ಅವನ ಕಣ್ಣು ತಗಡಿನ ಮೇಲಿರುತ್ತದೆ. ಯಾವ ಸ್ಕ್ರೂ ಎಲ್ಲಿಂದ ಬಂತು, ಯಾವ ವಾಷರ್ ಯಾವುದರ ಕೆಳಗಿತ್ತು ಎಂಬುದನ್ನು ಕಾದಿಟ್ಟುಕೊಳ್ಳುವ ಆಸಕ್ತಿ ಗಾಡಿಯನ್ನು ಮನೆಗೆ ತಂದುಕೊಳ್ಳುವವರಿಗೆ ಮಾತ್ರ ಇರುತ್ತದೆ. ದುಬಾರಿ ಸಲಕರಣೆಯೇನೂ ಬೇಡ. ನಾಲ್ಕು ಬಾಗಿಲಿಗೆ ಅವಸರವಿಲ್ಲದ ಒಂದು ಭಾನುವಾರ ಮತ್ತು ಗಾಜು ಹಿಡಿಯಲು ಒಬ್ಬ ಜೊತೆಗಾರ, ಇಷ್ಟಿದ್ದರೆ ಆಯಿತು.

ಕೈಹಾಕುವ ಮುನ್ನ ಗಾಜಿನ ಸ್ವಭಾವ ತಿಳಿದಿರಲಿ. ಬಾಗಿಲಲ್ಲಿರುವುದು ಟಫನ್ಡ್ ಗಾಜು. ಚೆನ್ನಾಗಿ ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸಿ ಮಾಡಿದ್ದರಿಂದ ಅದರ ಮೇಲ್ಮೈ ಸದಾ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ಇರುತ್ತದೆ. ಅಂಗೈಯಿಂದ ಬಡಿದರೆ ಏನೂ ಆಗುವುದಿಲ್ಲ. ಅದೇ ಗಾಜಿನ ಮೂಲೆ ಸಿಮೆಂಟ್ ನೆಲಕ್ಕೆ ತಾಗಿದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಅಂಚು ಮತ್ತು ಮೂಲೆಗಳನ್ನು ಕಾಯುವುದಕ್ಕಾಗಿಯೇ.

ಬಿಚ್ಚುವ ಮೊದಲು

ಎರಡು ಕಾರುಗಳ ಮೂಲ ಬೇರೆ ಎಂಬುದು ಸ್ಪ್ಯಾನರ್ ಹಿಡಿದಾಗಲೇ ಗೊತ್ತಾಗುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮುಂದುವರಿಕೆ. ಹಳೆಯ ಗಾಡಿಗಳಲ್ಲಿ ಇಂಚಿನ ಅಳತೆಯ ನಟ್ಟು ಬೋಲ್ಟುಗಳೇ ಹೆಚ್ಚು. ಮುಂಬೈಯಲ್ಲಿ ತಯಾರಾದ ಪದ್ಮಿನಿ ಇಟಲಿಯ ಫಿಯೆಟ್ 1100ರ ಸಂತತಿ, ಅದರದು ಮಿಲಿಮೀಟರ್ ಲೆಕ್ಕ. ಅರ್ಧ ಇಂಚಿನ ಸ್ಪ್ಯಾನರ್ ಬೇಕಾದ ಕಡೆ ನಟ್ಟಿನ ಅಗಲ 12.7 ಮಿ.ಮೀ. ಅದರ ಮೇಲೆ 13ರ ಸ್ಪ್ಯಾನರ್ ಕೂರುವುದೇನೋ ಕೂರುತ್ತದೆ, ಆದರೆ ಸಡಿಲವಾಗಿ. ತುಕ್ಕು ಹಿಡಿದ ನಟ್ಟಾದರೆ ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಸರಿಯಾದ ಅಳತೆಯ ಸೆಟ್ ಎರವಲು ತಂದಾದರೂ ಇಟ್ಟುಕೊಳ್ಳಿ. ಜೊತೆಗೆ ಅಗಲ ಮತ್ತು ಕಿರಿದಾದ ಎರಡು ಸ್ಕ್ರೂಡ್ರೈವರ್, ಒಂದು ಸ್ಟಾರ್ ಸ್ಕ್ರೂಡ್ರೈವರ್, ನೋಸ್ ಪ್ಲೈಯರ್, ಸಣ್ಣ ಸುತ್ತಿಗೆ, ಸಪೂರ ಪಂಚ್, ಟಾರ್ಚ್, ಮಾಸ್ಕಿಂಗ್ ಟೇಪ್, ಮಾರ್ಕರ್ ಪೆನ್ನು, ಜಿಪ್ ಇರುವ ಪ್ಲಾಸ್ಟಿಕ್ ಕವರ್‌ಗಳು, ಮರದ ಕೆಲವು ಬೆಣೆ, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ. ಹಿಂದಿನ ಸಂಜೆಯೇ ಕಣ್ಣಿಗೆ ಕಾಣುವ ಸ್ಕ್ರೂಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ರಾತ್ರಿಯಿಡೀ ಎಣ್ಣೆ ಕುಡಿದ ಸ್ಕ್ರೂ ಬೆಳಗ್ಗೆ ಮಾತು ಕೇಳುತ್ತದೆ.

ಬಾಗಿಲನ್ನು ಗಾಡಿಯಿಂದ ಕಳಚಬೇಡಿ, ಕೀಲಿನ ಮೇಲೆ ನಿಂತಿರುವಾಗಲೇ ಗಾಜು ತೆಗೆಯುವುದು ಸುಲಭ. ಮೊದಲು ಗಾಜನ್ನು ಪೂರ್ತಿ ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಿ. ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ವಾಲುತ್ತದೆ, ಮೇಲೆ ಹೋದಾಗ ಯಾವ ಮೂಲೆಯಲ್ಲಿ ಸಂದು ಉಳಿಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಬಳಿಕ ಬಾಗಿಲು ಅರ್ಧ ತೆರೆದು, ಹಿಂದಿನ ತುದಿಯನ್ನು ಹಿಡಿದು ಮೇಲಕ್ಕೆತ್ತಿ. ಗಡಗಡ ಆಡಿದರೆ ಕೀಲು ಸವೆದಿದೆ ಎಂದರ್ಥ. ಇದನ್ನು ಟಿಂಕರ್‌ಗೆ ಮೊದಲೇ ಹೇಳಬೇಕು. ಜೋತುಬಿದ್ದ ಬಾಗಿಲಿಗೆ ಹೊಂದುವಂತೆ ತಗಡು ಕೂರಿಸಿದರೆ, ಕೀಲು ಸರಿಮಾಡಿದ ದಿನ ಸಂದುಗಳೆಲ್ಲ ಮತ್ತೆ ತಪ್ಪುತ್ತವೆ.

ಗಾಜು ಪೂರ್ತಿ ಮೇಲಿರುವಾಗ ಹಿಡಿಕೆ ಯಾವ ದಿಕ್ಕಿಗಿದೆ ಎಂಬುದರ ಫೋಟೊ ತೆಗೆಯಿರಿ. ಬಾಗಿಲಿಗೊಂದರಂತೆ ನಾಲ್ಕು ಫೋಟೊ ಇರಲಿ.

ಒಳಗಿನ ಹಿಡಿಕೆ, ಆಮೇಲೆ ಪ್ಯಾಡ್

ಗಾಜು ತಿರುಗಿಸುವ ಹಿಡಿಕೆ ಮತ್ತು ಬಾಗಿಲು ತೆರೆಯುವ ಹಿಡಿಕೆ ಮೂರು ಬಗೆಯಲ್ಲಿ ಕೂತಿರಬಹುದು. ನಡುವೆ ಸ್ಕ್ರೂ ಕಂಡರೆ ಸಂತೋಷ. ಕಾಣದಿದ್ದರೆ ಹಿಡಿಕೆಯ ಹಿಂದಿನ ದುಂಡು ಬಿಲ್ಲೆಯನ್ನು ಪ್ಯಾಡಿನ (ಬಾಗಿಲಿನ ಒಳಮೈಗೆ ಹೊದಿಸಿದ ಹಲಗೆಯ) ಕಡೆಗೆ ಒತ್ತಿ ನೋಡಿ. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಆ ಬಿಲ್ಲೆಯ ಹಿಂದೆ ಸ್ಪ್ರಿಂಗ್ ಇರುತ್ತದೆ. ಒತ್ತಿದಾಗ ಹಿಡಿಕೆಯ ಕುತ್ತಿಗೆಯಲ್ಲಿ ಅಡ್ಡಲಾಗಿ ಹೊಕ್ಕ ಒಂದು ಪಿನ್ ಕಾಣುತ್ತದೆ. ಜೊತೆಗಾರ ಬಿಲ್ಲೆಯನ್ನು ಒತ್ತಿ ಹಿಡಿದಿರಲಿ, ನೀವು ಸಪೂರ ಪಂಚ್‌ನಿಂದ ಪಿನ್ ಅನ್ನು ಮೆಲ್ಲಗೆ ತಳ್ಳಿ. ಕೆಳಗೆ ಬಟ್ಟೆ ಹಾಸಿರಿ, ಆ ಪಿನ್ ನೆಲಕ್ಕೆ ಬಿದ್ದರೆ ಸಿಗುವುದು ಕಷ್ಟ.

ಮೂರನೆಯದು ಕುದುರೆ ಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್. ಹಿಡಿಕೆಗೂ ಬಿಲ್ಲೆಗೂ ನಡುವೆ ಒಂದು ಹತ್ತಿ ಬಟ್ಟೆಯ ಪಟ್ಟಿ ತೂರಿಸಿ, ಎರಡೂ ತುದಿ ಹಿಡಿದು ಆಚೀಚೆ ಎಳೆಯುತ್ತಾ ಹೋದರೆ ಬಟ್ಟೆಯ ದಾರ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದು ಹೊರಗೆ ಜಿಗಿಯುತ್ತದೆ. ಮುಖದ ಕಡೆಗೇ ಜಿಗಿಯಬಹುದು, ಕನ್ನಡಕ ಮರೆಯಬೇಡಿ. ನಲವತ್ತು ಐವತ್ತು ವರ್ಷದ ಗಾಡಿಯಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ಬಗೆ ಇದ್ದರೂ ಆಶ್ಚರ್ಯವಿಲ್ಲ. ಕೈಯಿಂದ ಕೈಗೆ ಹೋದ ಗಾಡಿಗೆ ಸಿಕ್ಕ ಹಿಡಿಕೆ ಹಾಕಿರುತ್ತಾರೆ.

ಕೈಯೊರಗು ಮತ್ತು ಲಾಕ್ ಗುಬುಟು ಬಿಚ್ಚಿದ ಮೇಲೆ ಪ್ಯಾಡ್. ಇದು ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡ್. ಸುತ್ತಲೂ ಸ್ಪ್ರಿಂಗ್ ಕ್ಲಿಪ್ಪುಗಳು ಬಾಗಿಲ ತಗಡಿನ ತೂತುಗಳಿಗೆ ಸಿಕ್ಕಿಕೊಂಡಿರುತ್ತವೆ. ಮಳೆನೀರು ಕುಡಿದ ಬೋರ್ಡ್ ಕೆಳಭಾಗದಲ್ಲಿ ಮೆತ್ತಗಾಗಿ, ಎಳೆದರೆ ಕ್ಲಿಪ್ ಅಲ್ಲೇ ಉಳಿದು ಬೋರ್ಡ್ ಮಾತ್ರ ಕೈಗೆ ಬರುತ್ತದೆ. ಅದಕ್ಕಾಗಿ ಅಗಲ ಸ್ಕ್ರೂಡ್ರೈವರಿನ ತುದಿಗೆ ಟೇಪ್ ಸುತ್ತಿ, ಪ್ಯಾಡಿನ ಅಂಚಿನಲ್ಲಿ ಕ್ಲಿಪ್ ಎಲ್ಲಿದೆ ಎಂದು ತಡಕಿ, ಸರಿಯಾಗಿ ಅದರ ಪಕ್ಕದಲ್ಲೇ ಮೀಟಿ. ಪ್ಯಾಡ್ ಹರಿದೇ ಹೋದರೂ ಎಸೆಯಬೇಡಿ. ಹೊಸದನ್ನು ಕತ್ತರಿಸಲು ಅದಕ್ಕಿಂತ ಒಳ್ಳೆಯ ಅಚ್ಚು ಬೇರೆ ಸಿಗುವುದಿಲ್ಲ.

ಒಳಗೆ ಏನಿದೆ ನೋಡಿ

ಟಾರ್ಚ್ ಬಿಟ್ಟು ನೋಡಿದರೆ ಬಾಗಿಲಿನ ದೊಡ್ಡ ತೂತುಗಳಲ್ಲಿ ಗ್ಲಾಸ್ ಮೆಷಿನ್ ಕಾಣುತ್ತದೆ. ಹಿಡಿಕೆ ತಿರುಗಿಸಿದಾಗ ಸಣ್ಣ ಹಲ್ಲಿನ ಚಕ್ರ ದೊಡ್ಡ ಬೀಸಣಿಗೆಯಾಕಾರದ ಹಲ್ಲುಪಟ್ಟಿಯನ್ನು ತಿರುಗಿಸುತ್ತದೆ, ಅದಕ್ಕೆ ಅಂಟಿದ ತೋಳು ಗಾಜನ್ನು ಎತ್ತುತ್ತದೆ. ತೋಳಿನ ತುದಿಯ ಗಾಲಿ ಗಾಜಿನ ಬುಡದಲ್ಲಿರುವ, ಕಾಲುವೆಯಾಕಾರಕ್ಕೆ ಬಗ್ಗಿಸಿದ ಉಕ್ಕಿನ ಚಾನೆಲ್‌ನೊಳಗೆ ಜಾರುತ್ತದೆ. ಹಿಡಿಕೆ ಬಿಚ್ಚಿದ ಮೇಲೂ ಗಾಜನ್ನು ಏರಿಳಿಸಬೇಕಾಗುತ್ತದೆ, ಆಗ ಹಿಡಿಕೆಯನ್ನು ಪಿನ್ ಇಲ್ಲದೆ ಸುಮ್ಮನೆ ಸಿಕ್ಕಿಸಿ ತಿರುಗಿಸಿದರಾಯಿತು.

ಮೆಷಿನ್ನಿನಲ್ಲಿ ಸುರುಳಿ ಸ್ಪ್ರಿಂಗ್ ಇದೆಯೇ ಎಂದು ಮೊದಲೇ ಗುರುತಿಸಿ. ಗಾಜಿನ ಭಾರವನ್ನು ಹಗುರ ಮಾಡುವುದು ಅದರ ಕೆಲಸ. ಗಾಜು ಕೆಳಗಿಳಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಗಾಜಿನಿಂದ ಬಿಡಿಸಿದ ಕ್ಷಣ ತೋಳು ರಪ್ಪನೆ ಮೇಲಕ್ಕೆ ಬೀಸಬಹುದು, ಆ ಹೊತ್ತಿಗೆ ಹಲ್ಲುಪಟ್ಟಿಯ ಹತ್ತಿರ ಬೆರಳು ಇರಕೂಡದು. ತೋಳು ಬಿಡಿಸುವಾಗ ಜೊತೆಗಾರ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿರಲಿ, ಆಮೇಲೆ ನಿಧಾನವಾಗಿ ತಿರುಗಿಸುತ್ತಾ ಸಡಿಲ ಬಿಡಲಿ. ಮೆಷಿನ್ನನ್ನು ಹೊರತೆಗೆಯುವುದಾದರೆ ಹೀಗೆ ಸ್ಪ್ರಿಂಗ್ ಸಡಿಲಾದ ಸ್ಥಿತಿಯಲ್ಲೇ ತೆಗೆಯಿರಿ. ಸ್ಪ್ರಿಂಗನ್ನೇ ಬಿಚ್ಚುವ, ರಿವೆಟ್ ಕೊರೆಯುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ಸೊಂಟದ ಬೀಡಿಂಗ್ ಮತ್ತು ಕ್ವಾರ್ಟರ್ ಗಾಜು

ಗಾಜು ಹೊರಬರುವುದು ಬಾಗಿಲಿನ ಸೊಂಟದ ಸೀಳಿನಿಂದ, ಅಂದರೆ ಕಿಟಕಿಯ ಕೆಳ ಅಂಚಿನಲ್ಲಿ ಗಾಜು ಒಳಗಿಳಿಯುವ ಸಂದಿನಿಂದ. ಆ ಸೀಳಿನ ಎರಡೂ ಬದಿಯಲ್ಲಿ ಫೆಲ್ಟ್ (ಉಣ್ಣೆಯಂಥ ದಪ್ಪ ಬಟ್ಟೆ) ಅಥವಾ ರಬ್ಬರಿನ ಅಂಚುಪಟ್ಟಿ, ಅಂದರೆ ಬೀಡಿಂಗ್ ಇರುತ್ತದೆ, ಅದನ್ನು ತೆಗೆಯದೆ ದಾರಿ ಅಗಲವಾಗುವುದಿಲ್ಲ. ಒಳಬದಿಯದನ್ನು ಮೊದಲು ತೆಗೆಯಿರಿ. ಹೊರಬದಿಯಲ್ಲಿ ಕ್ರೋಮ್ ಪಟ್ಟಿ ಇದ್ದರೆ ಅದರ ಕೆಳಗಿನ ಬಣ್ಣದ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ಮರದ ಬೆಣೆಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗಿ. ಹೇಗೂ ಬಣ್ಣ ಹೊಡೆಸುವುದಿದೆಯಲ್ಲ, ಟೇಪ್ ಯಾಕೆ ಎನಿಸಬಹುದು. ಬಣ್ಣಕ್ಕಿಂತ ಮುಖ್ಯವಾದದ್ದು ಪಟ್ಟಿ. ಒಮ್ಮೆ ಮಡಿಕೆ ಬಿದ್ದ ಕ್ರೋಮ್ ಪಟ್ಟಿ ಮತ್ತೆ ನೇರವಾಗುವುದಿಲ್ಲ. ಟೇಪ್ ಇದ್ದರೆ ಬೆಣೆ ಜಾರುವುದಿಲ್ಲ, ನಿಮಗೂ ಅವಸರವಾಗುವುದಿಲ್ಲ.

ಮುಂಬಾಗಿಲಿನಲ್ಲಿ ತ್ರಿಕೋನದ ಕ್ವಾರ್ಟರ್ ಗಾಜು ಇದ್ದರೆ ದೊಡ್ಡ ಗಾಜಿಗಿಂತ ಮೊದಲು ಅದರ ಚೌಕಟ್ಟು ಹೊರಬರಬೇಕು. ಎರಡು ಗಾಜುಗಳ ನಡುವೆ ನಿಂತಿರುವ ಕಂಬವೇ ದೊಡ್ಡ ಗಾಜಿನ ಮುಂದಿನ ದಾರಿ. ಅದು ಇರುವವರೆಗೆ ಗಾಜನ್ನು ಓರೆ ಮಾಡಲು ಜಾಗವಿಲ್ಲ. ದೊಡ್ಡ ಗಾಜನ್ನು ಪೂರ್ತಿ ಕೆಳಗಿಳಿಸಿ. ಚೌಕಟ್ಟನ್ನು ಹಿಡಿದಿರುವ ಸ್ಕ್ರೂಗಳು ಮೂರು ಕಡೆ ಅಡಗಿರುತ್ತವೆ: ಬಾಗಿಲಿನ ಮುಂದಿನ ಅಂಚಿನಲ್ಲಿ ಕೀಲಿನ ಮೇಲ್ಭಾಗಕ್ಕೆ, ಮೇಲಿನ ಚೌಕಟ್ಟಿನಲ್ಲಿ ರಬ್ಬರಿನ ಅಡಿಗೆ, ಮತ್ತು ಬಾಗಿಲಿನ ಒಳಗೆ ಕಂಬದ ಬುಡದಲ್ಲಿ. ಬುಡದ ಬೋಲ್ಟಿನ ತೂತು ಉದ್ದವಾಗಿರುವುದು ಗಾಜಿನ ಬಿಗಿತವನ್ನು ಹೊಂದಿಸಲು. ಬಿಚ್ಚುವ ಮುನ್ನ ಬೋಲ್ಟಿನ ತಲೆಯ ಸುತ್ತ ಮೊಳೆಯಿಂದ ಗೆರೆ ಗೀಚಿ, ಅದರ ಹಿಂದೆ ಎಷ್ಟು ವಾಷರ್ ಇವೆ ಎಂದು ಎಣಿಸಿ ಕವರ್ ಮೇಲೆ ಬರೆಯಿರಿ. ಗಾಜು ಮರಳಿ ಕೂರಿಸುವ ದಿನ ಆ ಗೆರೆಯೇ ಆಧಾರ.

ಎಲ್ಲ ಸ್ಕ್ರೂ ಬಿಚ್ಚಿದ ಮೇಲೂ ಚೌಕಟ್ಟು ಅಲುಗದಿದ್ದರೆ ಇನ್ನೊಂದು ಸ್ಕ್ರೂ ಬಣ್ಣದ ಪದರದ ಕೆಳಗೆ ಅಡಗಿದೆ ಎಂದೇ ತಿಳಿಯಿರಿ. ಬಲವಂತ ಬೇಡ, ಅಂಚುಗಳನ್ನು ಬೆರಳಿನಿಂದ ತಡಕಿ ಹುಡುಕಿ. ಸಡಿಲಾದ ಚೌಕಟ್ಟಿನ ಮೇಲ್ಭಾಗವನ್ನು ಹಿಂದಕ್ಕೆ ವಾಲಿಸಿ ನೇರ ಮೇಲಕ್ಕೆತ್ತಿದರೆ ಬರುತ್ತದೆ.

ದೊಡ್ಡ ಗಾಜು

ಗಾಜಿನ ಬುಡದ ಚಾನೆಲ್ ಬಾಗಿಲಿನ ತೂತಿಗೆ ಎದುರಾಗುವಷ್ಟು ಗಾಜನ್ನು ಎತ್ತಿ ನಿಲ್ಲಿಸಿ. ಸೊಂಟದ ಸೀಳಿನಲ್ಲಿ ಗಾಜಿನ ಎರಡೂ ಪಕ್ಕಕ್ಕೆ ಬಟ್ಟೆ ಸುತ್ತಿದ ಮರದ ಬೆಣೆ ಸಿಕ್ಕಿಸಿ. ಬೆಣೆ ಇದ್ದರೂ ಜೊತೆಗಾರ ಎರಡೂ ಅಂಗೈಯಿಂದ ಗಾಜನ್ನು ಹಿಡಿದಿರಲಿ. ಈಗ ತೋಳನ್ನು ಬಿಡಿಸಬೇಕು. ಕೆಲವು ಬಾಗಿಲುಗಳಲ್ಲಿ ಎರಡು ಬೋಲ್ಟ್, ಕೆಲವದರಲ್ಲಿ ಗಾಲಿಯ ಮುಂದೆ ಒಂದು ವಾಷರ್ ಮತ್ತು ಕ್ಲಿಪ್, ಇನ್ನು ಕೆಲವದರಲ್ಲಿ ಗಾಲಿಯನ್ನು ಚಾನೆಲ್‌ನ ತೆರೆದ ತುದಿಯವರೆಗೆ ಜಾರಿಸಿದರೆ ತಾನೇ ಹೊರಬರುತ್ತದೆ. ಯಾವುದೇ ಆದರೂ ಆ ಗಳಿಗೆಯಲ್ಲಿ ಗಾಜಿನ ಪೂರ್ತಿ ಭಾರ ಜೊತೆಗಾರನ ಕೈಗೆ ಬರುತ್ತದೆ. ಬಾಯಲ್ಲಿ ಹೇಳಿಯೇ ಬಿಡಿಸಿ.

ಬಿಡಿಸಿದ ಮೇಲೆ ತೋಳನ್ನು ಪಕ್ಕಕ್ಕೆ ಸರಿಸಿ ಗಾಜನ್ನು ಬಾಗಿಲಿನ ತಳದವರೆಗೆ ಮೆಲ್ಲಗೆ ಇಳಿಸಿ. ಮೊದಲೇ ಅಲ್ಲಿ ಒಂದು ಮಡಿಸಿದ ಗೋಣಿಚೀಲ ಹಾಕಿಟ್ಟಿರಿ. ಬಳಿಕ ಗಾಜಿನ ಮುಂದಿನ ಅಂಚನ್ನು ಕೆಳಕ್ಕೆ ವಾಲಿಸಿ, ಹಿಂದಿನ ಮೇಲ್ಮೂಲೆ ಮೊದಲು ಹೊರಬರುವಂತೆ, ಚೌಕಟ್ಟಿನ ಒಳಬದಿಗೆ ಎತ್ತಿ. ಬಾಗಿಲಿನಿಂದ ಬಾಗಿಲಿಗೆ ಓರೆಯ ಕೋನ ಬದಲಾಗುತ್ತದೆ. ಒಂದು ಕಡೆ ತಡೆದರೆ ಕೆಳಗಿಳಿಸಿ ಇನ್ನೊಂದು ಕಡೆಗೆ ವಾಲಿಸಿ ನೋಡಿ. ಚಾನೆಲ್ ಸೀಳಿನಲ್ಲಿ ಸಿಕ್ಕಿಕೊಳ್ಳುವುದೇ ಸಾಮಾನ್ಯ ತೊಡಕು, ಆಗ ಚಾನೆಲ್‌ನ ಒಂದು ತುದಿ ಮೊದಲು ದಾಟುವಂತೆ ಇನ್ನಷ್ಟು ಓರೆ ಬೇಕು. ಸರಿಯಾದ ಕೋನ ಸಿಕ್ಕಿತೆಂದರೆ ಗಾಜು ಯಾವ ಒತ್ತಾಯವೂ ಇಲ್ಲದೆ ಬರುತ್ತದೆ. ಒತ್ತಬೇಕಾಯಿತು ಎಂದರೆ ಕೋನ ತಪ್ಪಿದೆ.

ಹೊರಬಂದ ಗಾಜನ್ನು ನೆಲಕ್ಕೆ ಊರಬೇಡಿ. ಕಂಬಳಿ ಹಾಸಿದ ಮಂಚಕ್ಕೋ ಮೇಜಿಗೋ ನೇರವಾಗಿ ಹೋಗಲಿ.

ಹಿಂಬಾಗಿಲಿಗೂ ಇದೇ ಕ್ರಮ. ನಿಂತ ಕಂಬವೊಂದು ಇದ್ದರೆ ಅದನ್ನು ಮೊದಲು ಸಡಿಲಿಸಬೇಕು, ಅಷ್ಟೇ ವ್ಯತ್ಯಾಸ.

ಬುಡದ ಚಾನೆಲ್ ಮತ್ತು ಫೆಲ್ಟ್

ಗಾಜಿನ ಬುಡದ ಉಕ್ಕಿನ ಚಾನೆಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಹಳೆಯ ಗಾಡಿಗಳಲ್ಲಿ ಗಾಜು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಗಾಜಿನ ಅಂಚಿಗೆ ಒಂದು ರಬ್ಬರ್ ಪಟ್ಟಿ ಸುತ್ತಿ ಅದರ ಮೇಲೆ ಚಾನೆಲ್ ಅನ್ನು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಗಾಜಿನಿಂದ ಇಳಿಯುವ ಮಳೆನೀರೆಲ್ಲ ಅಲ್ಲಿ ನಿಲ್ಲುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಚಾನೆಲ್ ಒಳಗೊಳಗೇ ಊದಿ ಗಾಜಿನ ಅಂಚನ್ನು ಒತ್ತುತ್ತಿರುತ್ತದೆ. ಬೆರಳಿನಿಂದ ಸವರಿ ನೋಡಿ. ಉಕ್ಕು ನುಣುಪಾಗಿ, ರಬ್ಬರ್ ಮೆತ್ತಗೆ ಇದ್ದರೆ ಮುಟ್ಟಬೇಡಿ, ಹಾಗೆಯೇ ಇರಲಿ. ಪದರಪದರವಾಗಿ ಎದ್ದಿದ್ದರೆ ಈಗಲೇ ತೆಗೆಯುವುದು ಲೇಸು.

ತೆಗೆಯುವ ಮುನ್ನ ಗಾಜಿನ ಹಿಂದಿನ ಅಂಚಿನಿಂದ ಚಾನೆಲ್‌ನ ತುದಿಗೆ ಎಷ್ಟು ಮಿ.ಮೀ. ಇದೆ ಎಂದು ಅಳೆದು ಬರೆದುಕೊಳ್ಳಿ, ಗಾಜಿನ ಮೇಲೆಯೂ ಮಾರ್ಕರ್‌ನಿಂದ ಗುರುತು ಹಾಕಿ. ಈ ಅಳತೆ ತಪ್ಪಿದರೆ ಮೆಷಿನ್ ಗಾಜನ್ನು ಓರೆಯಾಗಿ ಎತ್ತುತ್ತದೆ. ಚಾನೆಲ್‌ನ ಉದ್ದಕ್ಕೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಬಿಡಿ. ಆಮೇಲೆ ಗಾಜನ್ನು ಕಂಬಳಿಯ ಮೇಲೆ ಮಲಗಿಸಿ, ಜೊತೆಗಾರ ಹಿಡಿದಿರಲು, ಒಂದು ಮರದ ತುಂಡನ್ನು ಚಾನೆಲ್‌ನ ತುಟಿಗೆ ಆನಿಸಿ ಗಾಜಿನಿಂದ ಆಚೆಗೆ ಮೆಲ್ಲಗೆ ತಟ್ಟಿ. ಒಂದೇ ಕಡೆ ತಟ್ಟಬೇಡಿ. ಎಡತುದಿ, ಬಲತುದಿ, ನಡು ಎಂದು ಸರದಿಯಲ್ಲಿ ಹೋಗಿ. ಗಾಜಿಗೂ ಉಕ್ಕಿಗೂ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ. ಗಾಜಿನ ಅಂಚಿಗೆ ಉಕ್ಕಿನ ತುದಿ ತಾಗುವುದೆಂದರೆ ಗಾಜನ್ನು ಒಡೆಯಲು ಅದೇ ನೇರ ದಾರಿ.

ಕಿಟಕಿ ಚೌಕಟ್ಟಿನ ಒಳಗೆ ಓಡುವ ಫೆಲ್ಟ್ ಚಾನೆಲ್ ಅನ್ನು ಆದಷ್ಟು ತುಂಡಾಗದಂತೆ ಎಳೆದು ತೆಗೆಯಿರಿ. ಹೊಸದು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗುತ್ತದೆ, ಆದರೆ ಅಳತೆ ಮತ್ತು ಅಡ್ಡಕೊಯ್ತದ ಆಕಾರ ತೋರಿಸಲು ಹಳೆಯ ತುಂಡು ಕೈಯಲ್ಲಿರಬೇಕು. ಬಾಯಿಮಾತಿನಲ್ಲಿ ವಿವರಿಸಿ ತಂದದ್ದು ಹೊಂದುವುದು ಅಪರೂಪ.

ಗಾಜನ್ನು ಪರೀಕ್ಷಿಸುವುದು, ಇಡುವುದು

ಗಾಜನ್ನು ಸಾಬೂನು ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಕಪ್ಪು ಫಿಲ್ಮ್ ಅಂಟಿಸಿದ್ದರೆ ಈಗ ತೆಗೆಯಲು ಸುಲಭ. ಫೆಲ್ಟಿನಲ್ಲಿ ಸಿಕ್ಕ ಮರಳು ಎಳೆದ ಲಂಬ ಗೀರುಗಳು ಹಳೆಯ ಗಾಜಿನಲ್ಲಿ ಇದ್ದೇ ಇರುತ್ತವೆ. ಉಗುರು ಎಳೆದಾಗ ತಡೆಯದ ಗೀರನ್ನು ಸೀರಿಯಂ ಆಕ್ಸೈಡ್ ಪುಡಿಯಿಂದ ಉಜ್ಜಿ ಮಸುಕು ಮಾಡಬಹುದು. ಉಗುರು ತಡೆದರೆ ಬಿಟ್ಟುಬಿಡಿ. ಅಷ್ಟು ಆಳ ಉಜ್ಜಿದರೆ ಅಲ್ಲಿ ಗುಂಡಿ ಬಿದ್ದು ನೋಟ ಅಲೆಯಾಡುತ್ತದೆ.

ಗಾಜು ಬದಲಿಸಲೇಬೇಕಾದರೆ ಈ ಕಾರುಗಳಲ್ಲಿ ಒಂದು ಅನುಕೂಲವಿದೆ. ಬಾಗಿಲ ಗಾಜು ಸಪಾಟು. ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಕೊಟ್ಟರೆ ಹೊಸದು ಮಾಡಿಸಬಹುದು. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು, ಅಂಚು ಉಜ್ಜಲು ಬರುವುದಿಲ್ಲ, ಆದ್ದರಿಂದ ಅಚ್ಚು ಮೊದಲೇ ಕರಾರುವಾಕ್ಕಾಗಿರಬೇಕು. ದಪ್ಪವನ್ನು ವರ್ನಿಯರ್‌ನಿಂದ ಅಳೆದೇ ಹೇಳಿ. ಅರ್ಧ ಮಿ.ಮೀ. ಹೆಚ್ಚಾದರೂ ಫೆಲ್ಟಿನಲ್ಲಿ ಬಿಗಿಯುತ್ತದೆ. ಬಣ್ಣದ ಗಾಜು ಬಯಸುವವರು ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕೆಂಬ ಕೇಂದ್ರ ಮೋಟಾರು ವಾಹನ ನಿಯಮವನ್ನು ನೆನಪಿಡಬೇಕು. ಆದರೆ ಕಾರ್ಖಾನೆಯ ಗುರುತು ಮೂಲೆಯಲ್ಲಿರುವ ಮೂಲ ಗಾಜಿಗೆ ನಾಲ್ಕು ಗೀರು ಇದ್ದರೂ ಅದನ್ನೇ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಹಳೆಯ ಗಾಡಿಯಲ್ಲಿ ಮೂಲದ ಭಾಗಗಳು ಒಂದೊಂದಾಗಿ ಕಳೆದುಹೋಗುತ್ತಲೇ ಇರುತ್ತವೆ. ಉಳಿದಿರುವುದಕ್ಕೆ ಬೆಲೆಯಿದೆ.

ಪ್ರತಿ ಗಾಜಿನ ಮೇಲೆ ಟೇಪ್ ಅಂಟಿಸಿ ‘ಎಡ ಮುಂದೆ’, ‘ಬಲ ಹಿಂದೆ’ ಎಂದೂ, ಯಾವ ಮುಖ ಹೊರಗೆ ಎಂದೂ ಬರೆಯಿರಿ. ಇಡುವುದು ಲಂಬವಾಗಿ, ಮರದ ಪಟ್ಟಿಯ ಮೇಲೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ದಪ್ಪ ಬಟ್ಟೆ ಇಟ್ಟು. ಒಂದರ ಮೇಲೊಂದು ಮಲಗಿಸಿದರೆ ನಡುವಿನ ಒಂದು ಮರಳ ಕಣ ಎರಡನ್ನೂ ಗೀರುತ್ತದೆ. ಗ್ಯಾರೇಜಿನಲ್ಲಿ ಬಿಡಬೇಡಿ, ಮನೆಗೆ ತನ್ನಿ.

ಬಾಗಿಲು ಟಿಂಕರ್ ಕೈಗೆ

ಗಾಜಿಲ್ಲದ ಬಾಗಿಲಿನೊಳಗೆ ಟಾರ್ಚ್ ಹಾಕಿ ತಳ ನೋಡಿ. ಮಣ್ಣು, ಕೊಳೆತ ಎಲೆ, ಫೆಲ್ಟಿನ ನಾರು ಸೇರಿ ಕೆಸರಾಗಿ ಕೂತಿರುತ್ತದೆ. ಅದನ್ನು ಕೆರೆದು ತೆಗೆದು, ಕೆಳ ಅಂಚಿನ ನೀರು ಹರಿಯುವ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ತಗಡನ್ನು ಒಳಗಿನಿಂದ ಸ್ಕ್ರೂಡ್ರೈವರ್ ತುದಿಯಿಂದ ಒತ್ತುತ್ತಾ ಹೋದರೆ ಎಲ್ಲಿ ಗಟ್ಟಿ, ಎಲ್ಲಿ ಬರೀ ಬಣ್ಣ ಮತ್ತು ಪುಟ್ಟಿ ಎಂಬುದು ತಿಳಿಯುತ್ತದೆ. ಆ ಜಾಗಗಳನ್ನು ಹೊರಗಿನಿಂದ ಮಾರ್ಕರ್‌ನಲ್ಲಿ ಗುರುತಿಸಿ ಕೊಡಿ. ತೇಪೆ ಹಾಕಿದ ಮೇಲೆ ನೀರಿನ ತೂತುಗಳು ಮುಚ್ಚಿಹೋಗಬಾರದು ಎಂದು ಬಾಯಿಬಿಟ್ಟು ಹೇಳಿ. ಹೊಸ ತಗಡು ಬೇಗ ಕೊಳೆಯಲು ಮುಖ್ಯ ಕಾರಣ ಅದೇ.

ಇನ್ನೊಂದು ಮಾತನ್ನು ಕೆಲಸದ ದರ ಮಾತಾಡುವಾಗಲೇ ಒಪ್ಪಿಸಿಕೊಳ್ಳಿ, ಏಕೆಂದರೆ ಅದಕ್ಕೆ ಟಿಂಕರ್ ತನ್ನ ಅರ್ಧ ದಿನ ಬಿಟ್ಟುಕೊಡಬೇಕಾಗುತ್ತದೆ. ತಗಡಿನ ಕೆಲಸ ಮುಗಿದು ಪ್ರೈಮರ್ ಬಿದ್ದ ಮೇಲೆ, ಬಣ್ಣಕ್ಕೆ ಮುನ್ನ, ಗಾಜನ್ನು ಒಮ್ಮೆ ಕೂರಿಸಿ ನೋಡಬೇಕು. ವೆಲ್ಡಿಂಗ್ ಬಿಸಿಗೆ ತಗಡು ಎಳೆದುಕೊಳ್ಳುತ್ತದೆ, ಕಿಟಕಿಯ ಚೌಕಟ್ಟು ಎರಡು ಮೂರು ಮಿ.ಮೀ. ಒಳಗೆ ಸರಿದರೂ ಗಾಜು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸ ಫೆಲ್ಟ್ ಹಾಕಿ, ಕಂಬವನ್ನು ಗೀಚಿದ ಗೆರೆಗೆ ಸರಿಯಾಗಿ ನಿಲ್ಲಿಸಿ, ಗಾಜನ್ನು ಮೇಲಿಂದ ಕೆಳಗೆ ಆಡಿಸಿ. ಮೊದಲು ಬರೆದಿಟ್ಟ ಟಿಪ್ಪಣಿಯೊಂದಿಗೆ ಹೋಲಿಸಿ. ಬಿಗಿಯಾದ ಕಡೆ ಚೌಕಟ್ಟನ್ನು ಟಿಂಕರ್ ಈಗ ಮರದ ಸುತ್ತಿಗೆಯಿಂದ ಸರಿಸಬಲ್ಲ. ಬಣ್ಣ ಬಿದ್ದ ಮೇಲಾದರೆ ಅದು ಸಿಡಿಯುತ್ತದೆ. ಗಾಜು ಸರಾಗವಾಗಿ ಓಡಿದ ಮೇಲೆ ಮತ್ತೆ ಬಿಚ್ಚಿ, ಬಾಗಿಲನ್ನು ಬಣ್ಣಕ್ಕೆ ಬಿಡಿ.